ನೀರಿನ ಹಿಂದೆ ಬರುವ ಸಾಲ

ಸಿರುಗುಪ್ಪ
14–4–1953

ವಕೀಲ ಕೊಟ್ರಬಸಪ್ಪನವರ ಸನ್ನಿಧಿಗೆ ಸುವರ್ಣಳ ಶರಣು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ‘ನಾನು ಕ್ಷೇಮ’ ಎಂದು ಶುರುಮಾಡಬೇಕಿತ್ತು. ಅದು ನಿಜವಲ್ಲವಾದ್ದರಿಂದ ಬಿಟ್ಟಿದ್ದೇನೆ.

ಕಳೆದ ಗುರುವಾರ ಅಕ್ಕಿ ಗಿರಣಿಯ ಬಯಲಲ್ಲಿ ನಿಮ್ಮ ಕನ್ನಡ ಸಮಿತಿಯ ಸಭೆ ನಡೆದಾಗ ಹೆಂಗಸರ ಕಡೆ ನಾನೂ ಕುಳಿತಿದ್ದೆ. ಮದ್ರಾಸು ಒಡೆದು ಆಂಧ್ರ ಬೇರೆಯಾಗುತ್ತದೆ, ನಮ್ಮ ಸಿರುಗುಪ್ಪ ಮೈಸೂರಿಗೆ ಸೇರುತ್ತದೆ ಎಂದು ನೀವು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಬಳ್ಳಾರಿ ತಾಲ್ಲೂಕು ಯಾರಿಗೆಂಬುದು ಇನ್ನೂ ವಿಚಾರಣೆಯಲ್ಲಿದೆ, ಮೈಸೂರಿಗೇ ಸೇರಿಸಿರೆಂಬ ನಮ್ಮ ಮನವಿಗೆ ಕುರುಗೋಡಿನಂಥ ಊರುಗಳ ಹೆಬ್ಬೆಟ್ಟು ಬೀಳಬೇಕು ಎಂದಾಗ ಇನ್ನೂ ಜೋರಾಗಿ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಹಾಲಸಿದ್ದಪ್ಪ ಎದ್ದ. ನಮ್ಮ ಶಾಲೆಯ ಹಿಂದಿನ ಹೊಲದ ರೈತ, ಅವನ ಮಗಳು ನನ್ನ ಹತ್ತಿರ ಓದುತ್ತಾಳೆ.

“ವಕೀಲ್ರೀ, ತುಂಗಭದ್ರಾ ಡ್ಯಾಮ್ ಕಟ್ಟಾಕ ಮದ್ರಾಸಿನವ್ರು ಸಾಲ ಎತ್ಯಾರಂತ. ರಾಜ್ಯ ಒಡದ ಮ್ಯಾಲ ಆ ಸಾಲ ಯಾರ ತಲಿಗ್ರಿ?” ಎಂದು ಕೇಳಿದ.

ನೀವು ನಕ್ಕಿರಿ. “ಸಾಲ ಮಾಡಿದವ್ರು ಮದ್ರಾಸಿನವ್ರು, ತೀರಸೋರೂ ಅವ್ರೇ. ನಿಮಗ ಒಂದು ದಮ್ಮಡಿ ಬರಂಗಿಲ್ಲ. ಕೊಟ್ಟೂರು ಬಸವೇಶ್ವರನ ಆಣಿ!” ಎಂದಿರಿ. ನಿಮ್ಮ ಹೆಸರಿನಲ್ಲಿರುವ ದೇವರ ಮೇಲೆಯೇ ಆಣೆ.

ಬಳ್ಳಾರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಜೆಟ್ಟಿನ ದಿನ ಪತ್ರಿಕೆ ಓದಿ, ಖೋತಾ ಎಂದರೇನು ಎಂದು ನನಗೆ ತಿಳಿಸಿಕೊಟ್ಟವರು ನೀವೇ ಅಲ್ಲವೆ? ಸಾರಾಯಿ ನಿಲ್ಲಿಸಿದ ಮೇಲೆ ಮದ್ರಾಸಿನ ಬೊಕ್ಕಸಕ್ಕೆ ಆ ಹುಟ್ಟುವಳಿ ತಪ್ಪಿತು, ಆದರೂ ಅಣೆಕಟ್ಟೆಯ ಕೆಲಸ ನಿಲ್ಲಿಸುವಂತಿಲ್ಲ, ಅದಕ್ಕೇ ಸಾಲದ ಮೇಲೆ ಸಾಲ ಎಂದಿರಿ. “ಸರ್ಕಾರದ ಸಾಲ ಸಾಯುವುದಿಲ್ಲ ಸುವರ್ಣಾ, ಮನೆ ಬದಲಾಯಿಸುತ್ತದೆ” ಎಂದಿರಿ. ನೀರು ಯಾರ ಸೀಮೆಗೆ ಹರಿಯುತ್ತದೋ ಸಾಲದ ಪಾಲೂ ಆ ಸರ್ಕಾರಕ್ಕೆ. ಅಲ್ಲಿಂದ ಎಕರೆಗೆ ಇಷ್ಟು ಎಂದು ರೈತನಿಗೆ. ಇದು ನಿಮ್ಮಿಂದಲೇ ನಾನು ಕಲಿತ ಪಾಠ.

ಮರುದಿನ ಹಾಲಸಿದ್ದಪ್ಪ ಶಾಲೆಗೇ ಬಂದ. ಅವನ ಹೆಂಡತಿ ಈರಮ್ಮನ ತವರು ಕುರುಗೋಡು. “ಅಕ್ಕಾರ, ನಾ ಹೇಳಿದ್ರ ನಮ್ಮ ಮಾವ, ಅವ್ರ ಅಣ್ಣತಮ್ಮರು ಎಲ್ಲಾರೂ ಹೆಬ್ಬೆಟ್ಟು ಒತ್ತತಾರ. ನಾಳಿ ಸುಳ್ಳಾದ್ರ ನಾ ಅವ್ರ ಮುಂದ ಹೆಂಗ ನಿಲ್ಲಲಿ? ನಿಮ್ಮ ಯಜಮಾನ್ರು ಹೇಳಿದ್ದು ಖರೇ ಐತೇನು?” ಎಂದು ಕೇಳಿದ. ನಾನು ಇಲ್ಲವೆಂದೆ.

ಅಷ್ಟೇ ನಾನು ಮಾಡಿದ್ದು. ಸಂಜೆಯೊಳಗೆ ಊರೆಲ್ಲ ಹರಡಿತು. ಶನಿವಾರ ಬೆಳಿಗ್ಗೆ ಶಾಲೆಯ ಗೋಡೆಯ ಮೇಲೆ ಡಾಂಬರಿನಲ್ಲಿ ‘ನಾಡದ್ರೋಹಿ’ ಎಂದು ಬರೆದಿತ್ತು. ಹುಡುಗಿಯರು ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಸೋಮವಾರ ಅರ್ಧ ಜನರೂ ಬರಲಿಲ್ಲ. ಅಣ್ಣ ಮರಿಬಸಪ್ಪನ ಗಿರಣಿಗೆ ಬೆಂಕಿ ಬೀಳುತ್ತದೆಂದು ಯಾರೋ ಹೇಳಿಹೋಗಿದ್ದಾರೆ. ಅವನು ನಿದ್ದೆಗೆಟ್ಟಿದ್ದಾನೆ. ನಿನ್ನೆ ಒಂದು ಹೇಳಿಕೆ ತಂದು ನನ್ನ ಮುಂದಿಟ್ಟ: ನಾನು ಆಡಿದ್ದು ಸುಳ್ಳು, ಹೆಂಗಸಾದ ನನಗೆ ವಿಷಯ ತಿಳಿಯದು ಎಂದು. ಅದಕ್ಕೆ ಸಹಿ ಹಾಕಬೇಕಂತೆ. ಇಪ್ಪತ್ತಾರರ ಭಾನುವಾರ ಕುರುಗೋಡಿನ ಸಭೆಯಲ್ಲಿ ಅದನ್ನು ಓದುತ್ತಾರಂತೆ.

ಆ ಸಭೆಗೆ ನೀವೂ ಹೋಗುವವರು. ಸುಳ್ಳು ಯಾರದೆಂದು ನೀವೇ ಹೇಳಿ. ಬೇರೇನೂ ಕೇಳುವುದಿಲ್ಲ.

ಸುವರ್ಣ

ತಾ.ಕ. ಸಭೆಯಲ್ಲಿ ನಿಮ್ಮ ಕೆಮ್ಮು ಕೇಳಿಸಿತು. ಬಿಸಿಲಲ್ಲಿ ತಿರುಗಬೇಡಿ.

●

ಬಳ್ಳಾರಿ
17–4–1953

ಪ್ರಿಯ ಸುವರ್ಣಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಹಿಗ್ಗಿದೆ. ಒಡೆದ ಮೇಲೆ ಬಾಗಿಲು ಹಾಕಿಕೊಂಡು ಓದಿದೆ. ಓದಿ ಒಲೆಗೆ ಹಾಕಿದೆ. ಕೋಪ ಮಾಡಿಕೊಳ್ಳಬೇಡ, ಈಗಿನ ಬಳ್ಳಾರಿಯಲ್ಲಿ ಅಂಥ ಕಾಗದ ಮನೆಯಲ್ಲಿರುವುದು ಒಳ್ಳೆಯದಲ್ಲ.

ನಿನ್ನ ಲೆಕ್ಕ ಸರಿಯಾಗಿದೆ. ನಿನ್ನ ಹತ್ತಿರ ಇಲ್ಲವೆನ್ನಲಾರೆ. ಆದರೆ ಇಲ್ಲಿಗೆ ಬಂದು ನೋಡು. ಬ್ರೂಸ್‌ಪೇಟೆಯಲ್ಲಿ ಎರಡು ಅಂಗಡಿಗಳವರು ಭಾಷೆಯ ಮೇಲೆ ಮಾತು ಬಿಟ್ಟಿದ್ದಾರೆ. ವಿಚಾರಣೆಗೆ ಬಂದ ನ್ಯಾಯಾಧೀಶರ ಬಂಗಲೆಯ ಮುಂದೆ ದಿನವೂ ಎರಡು ಗುಂಪು. ಆಂಧ್ರದ ಕಡೆಯ ಹುಡುಗರು ನನ್ನ ಜಟಕಾ ನೋಡಿ “ನೀಳ್ಳು ಮಾಕು, ಅಪ್ಪು ಮೀಕು!” ಎಂದು ಕೂಗುತ್ತಾರೆ. ನೀರು ತಮಗಂತೆ, ಸಾಲ ನಮಗಂತೆ. ಮೈಸೂರಿಗೆ ಸೇರಿದರೆ ಬೊಕ್ಕಸ ಮುಳುಗಿ ಕಂದಾಯ ನಾಲ್ಕು ಪಟ್ಟಾಗುತ್ತದೆಂದು ಅವರ ಭಾಷಣಕಾರರು ಹಳ್ಳಿಹಳ್ಳಿಯಲ್ಲಿ ಸಾರುತ್ತಿದ್ದಾರೆ. ಅದೂ ಸುಳ್ಳೇ. ಅವರ ದೊಡ್ಡ ಸುಳ್ಳಿನ ಮುಂದೆ ನಾನು ನಿಂತು ‘ನಿಜ, ಸಾಲ ಇದೆ, ಎಕರೆಗೆ ಎಷ್ಟೆಂದು ಇನ್ನೂ ಯಾರಿಗೂ ಗೊತ್ತಿಲ್ಲ’ ಎಂದರೆ ಕುರುಗೋಡಿನವರು ಯಾರ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ, ನೀನೇ ಹೇಳು.

ಮೊದಲು ಗಡಿ ಗೊತ್ತಾಗಲಿ, ಲೆಕ್ಕ ಆಮೇಲೆ ಹೇಳೋಣ. ಅಚ್ಚುಕೂಟದ ಹಂಪಯ್ಯ ನಿನ್ನೆ ಕರಪತ್ರದ ಕಟ್ಟು ಹೊತ್ತು ತಂದ. ‘ಒಂದು ದಮ್ಮಡಿ ಸಾಲವೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚುಮೊಳೆ ಜೋಡಿಸಿದ್ದಾನೆ. “ನಿಮ್ಮ ಮಾತು ಅಂತ ಕೂಲಿ ತಗೊಳ್ಳದ ಮಾಡೀನ್ರಿ” ಎಂದ. ಅವನ ಮುಖ ನೋಡಲಾಗಲಿಲ್ಲ. ಆದರೂ ಕಟ್ಟು ಹಳ್ಳಿಗಳಿಗೆ ಹೋಯಿತು. ಬಿಟ್ಟ ಬಾಣ.

ಸಹಿ ಹಾಕಿಬಿಡು. ಒಂದು ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ. ಗಿರಣಿಗೂ ಶಾಲೆಗೂ ಏನೂ ಆಗದಂತೆ ನೋಡಿಕೊಳ್ಳುವ ಹೊಣೆ ನನ್ನದು.

ನಿನ್ನವನೇ ಆದ
ಕೊಟ್ರಬಸಪ್ಪ

ತಾ.ಕ. ಮರಿಬಸಪ್ಪ ತಂದ ಹೇಳಿಕೆಯನ್ನು ಬರೆದುಕೊಟ್ಟವನು ನಾನು. ಸಮಿತಿಯ ಬೇರೆಯವರು ಬರೆದಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದರು.

●

ಸಿರುಗುಪ್ಪ
20–4–1953

ಕೊಟ್ರಬಸಪ್ಪನವರಿಗೆ,

ಹೇಳಿಕೆ ನೋಡಿದಾಗಲೇ ಅನುಮಾನ ಬಂದಿತ್ತು. ‘ಅಜ್ಞಾನವಶಾತ್’ ಎಂದು ಗಿರಣಿಯವರು ಬರೆಯುವುದಿಲ್ಲ.

ಎರಡು ವರ್ಷದ ಹಿಂದೆ ನನಗೆ ಇಲ್ಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ವರ್ಗವಾದಾಗ ನೀವು ಓಣಿಯವರ ಮುಂದೆ ಪೇಢೆ ಹಂಚಿ “ಹೋಗಿ ಬಾ” ಎಂದಿರಿ. ಅದೇ ವಾರ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಆ ವರ್ಗ ರದ್ದು ಮಾಡಿಸಲು ಕೇಳಿಕೊಂಡಿರಿ. ‘ಹೋಗಬೇಡ’ ಎಂದು ನನಗೇ ಒಂದು ಮಾತು ಹೇಳಿದ್ದರೆ ಜಗಳವಾಡಿಯಾದರೂ ಜೊತೆಗೇ ಇರುತ್ತಿದ್ದೆನೇನೋ. ನಿಮಗೆ ಎದುರಿಗಿದ್ದವರನ್ನು ಸಂತೋಷಪಡಿಸುವ ಚಟ. ಕಹಿಯನ್ನು ಹಿಂದಿನ ಬಾಗಿಲಿನಿಂದ ಕಳಿಸುತ್ತೀರಿ.

ಸರ್ಕಾರ ಸಾಲ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಸಾಲದಿಂದಲೇ ನಮ್ಮ ಕರಿ ನೆಲಕ್ಕೆ ನೀರು ಬರುತ್ತದೆ. ತೀರಿಸುವವನಿಗೆ ಹೇಳದೆ ಅವನ ಹೆಬ್ಬೆಟ್ಟು ತೆಗೆದುಕೊಳ್ಳುವುದು ತಪ್ಪು. ನಾಳೆ ಎಕರೆಗೆ ಇಷ್ಟು ಕಟ್ಟು ಎಂದು ಚೀಟಿ ಬಂದ ದಿನ ಅವರು ಸರ್ಕಾರವನ್ನಷ್ಟೇ ಅಲ್ಲ, ಕನ್ನಡವನ್ನೂ ಬೈಯುತ್ತಾರೆ. ಅದನ್ನು ಯೋಚಿಸಿದ್ದೀರಾ?

ನಾನು ಸಹಿ ಹಾಕಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಈರಮ್ಮನ ಜೊತೆ ಕುರುಗೋಡಿಗೆ ಬರುತ್ತೇನೆ. ಅಣ್ಣನಿಗೆ ಹೇಳಿಲ್ಲ. ನಿಮ್ಮ ಸಭೆಯಲ್ಲಿ ನಿಂತು ನೀವು ನನಗೆ ಕಲಿಸಿದ್ದನ್ನೇ ಹೇಳುತ್ತೇನೆ. ಸುಳ್ಳೆನ್ನುವ ಧೈರ್ಯವಿದ್ದರೆ ನನ್ನ ಮುಖ ನೋಡಿ ಸುಳ್ಳೆನ್ನಿ.

ಸುವರ್ಣ

ತಾ.ಕ. ನನಗೆ ಹೆದರಿಕೆಯಾಗುತ್ತಿದೆ. ಇದನ್ನು ನಿಮಗಲ್ಲದೆ ಯಾರಿಗೂ ಹೇಳುವಂತಿಲ್ಲ.

●

ಬಳ್ಳಾರಿ
28–4–1953

ಸುವರ್ಣಾ,

ಬೇರೆ ಅಕ್ಷರ ಕಂಡು ಗಾಬರಿಯಾಗಬೇಡ. ಬೆರಳಿಗೆ ಸ್ವಲ್ಪ ನೋವಾಗಿರುವುದರಿಂದ ನಾನು ಹೇಳಿ ಹಂಪಯ್ಯನಿಂದ ಬರೆಸುತ್ತಿದ್ದೇನೆ. ಉಳಿದಂತೆ ಆರಾಮ. ಬೆಳಿಗ್ಗೆ ಸಿರುಗುಪ್ಪದಿಂದ ಬಂದ ಈರಮ್ಮ ಇಂದು ಸಂಜೆ ಅಲ್ಲಿಗೇ ಹಿಂತಿರುಗುತ್ತಾಳೆ, ಇದನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಮರಿಬಸಪ್ಪ ನಿನ್ನ ಕೋಣೆಯ ಬಾಗಿಲು ತೆಗೆದನೆಂದು ಅವಳೇ ಹೇಳಿದಳು.

ನಿನ್ನನ್ನು ಕೋಣೆಯಲ್ಲಿ ಕೂಡಿಹಾಕಿಸಿದವನು ನಾನು. ನಿನ್ನ ಕಾಗದ ಬಂದ ದಿನವೇ ಮರಿಬಸಪ್ಪನಿಗೆ ತಂತಿ ಕೊಟ್ಟೆ: ‘ಭಾನುವಾರ ಸುವರ್ಣಳನ್ನು ಮನೆಯಿಂದ ಬಿಡಬೇಡ.’ ನಿನ್ನ ಮೇಲೆ ಕಲ್ಲು ಬಿದ್ದೀತೆಂದು ಹೆದರಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿನ್ನ ಮುಖ ನೋಡಬೇಕಾದೀತೆಂದು ಹೆದರಿದ್ದೆ.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ಗುಡಿಯ ಮುಂದಿನ ಬಯಲು ತುಂಬಿತ್ತು. ಬಂಡಿ ಕಟ್ಟಿಕೊಂಡು ಸುತ್ತಲಿನ ಊರಿನವರೂ ಬಂದಿದ್ದರು. ಹೆಂಗಸರ ಕಡೆ ಕಣ್ಣು ಹಾಯಿಸಿದೆ, ನೀನಿಲ್ಲ. ಎದೆ ಹಗುರಾಯಿತು. ಸಮಿತಿಯ ಅಧ್ಯಕ್ಷರು ನಿನ್ನ ಹೇಳಿಕೆಯನ್ನು ಸಹಿ ಇಲ್ಲದೆಯೇ ಓದತೊಡಗಿದರು. ಎರಡನೇ ಸಾಲು ಓದುವಷ್ಟರಲ್ಲಿ ಈರಮ್ಮ ಎದ್ದು ನಡುವೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ನಾ ಸಾಲಿ ಕಲ್ತಾಕಿ ಅಲ್ಲ, ಈ ಊರ ಮಗಳು ಅದೀನಿ,” ಎಂದಳು. “ಆ ಕಾಗದ ಅಕ್ಕಾರದಲ್ಲ. ಅವ್ರು ಇಲ್ಲಿಗೆ ಬರೋದಿತ್ತು. ಬಳ್ಳಾರಿಂದ ತಂತಿ ಬಂತಂತ ಅವ್ರ ಅಣ್ಣ ಖೋಲಿಯಾಗ ಹಾಕಿ ಚಿಲಕ ಹಾಕ್ಯಾನ. ಕಿಡಕಿಯಾಗಿಂದ ನನಗ ಹೇಳಿ ಕಳಿಸ್ಯಾರ. ನೀರು ಬಂದ್ರ ಸಾಲಾನೂ ಬರ್ತೈತಿ, ತಿಳಕೊಂಡು ಹೆಬ್ಬೆಟ್ಟು ಒತ್ರಿ ಅಂದಾರ.”

ಯಾರೋ ನಕ್ಕರು. “ತಂತಿ ಕೊಟ್ಟವ್ರು ಯಾರಬೇ?” ಎಂದು ಹಿಂದಿನಿಂದ ಒಬ್ಬ ಕೂಗಿದ. ಅವಳು ಗೊತ್ತಿಲ್ಲವೆಂದಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಸುವರ್ಣಾ. ಅಧ್ಯಕ್ಷರು ನನ್ನ ಕಡೆ ತಿರುಗಿ, “ವಕೀಲ್ರ, ಈಕಿಗೆ ಒಂದು ಉತ್ರ ಕೊಡ್ರಿ, ಮುಗಸೋಣ” ಎಂದರು. ಬಾಯಲ್ಲಿ ಉತ್ತರ ತಯಾರಿತ್ತು. ಅಕ್ಷರ ಬಾರದ ಒಬ್ಬ ಹೆಂಗಸು ನಿನ್ನ ಮಾತನ್ನು ಅಷ್ಟು ದೂರದಿಂದ ಚೆಲ್ಲದೆ ತಂದಿದ್ದಳು. ಅವಳ ಮುಂದೆ ಆ ಉತ್ತರ ಹೊರಡಲಿಲ್ಲ.

“ತಂತಿ ಕೊಟ್ಟಾಂವ ನಾನು” ಎಂದೆ. ಆಮೇಲೆ ಉಳಿದದ್ದೂ ಹೊರಬಂತು. ಸಾಲವಿದೆ, ನೀರಿನ ಜೊತೆ ಅದರ ಪಾಲೂ ಬರುತ್ತದೆ, ಎಕರೆಗೆ ಎಷ್ಟೆಂದು ಇನ್ನೂ ಯಾರೂ ಗೊತ್ತುಮಾಡಿಲ್ಲ, ಆಂಧ್ರಕ್ಕೆ ಹೋದರೂ ಮೈಸೂರಿಗೆ ಹೋದರೂ ಅದು ತಪ್ಪುವುದಿಲ್ಲ, ತಪ್ಪುತ್ತದೆಂದು ಹೇಳುವವರು ಯಾವ ಕಡೆಯವರಾದರೂ ನಂಬಬೇಡಿ ಎಂದೆ. ಕೊಟ್ಟೂರು ಬಸವೇಶ್ವರನ ಆಣೆಯಿಟ್ಟು ಸಿರುಗುಪ್ಪದಲ್ಲಿ ಸುಳ್ಳು ಹೇಳಿದೆನೆಂದೂ ಹೇಳಿದೆ.

ಬಯಲು ಎದ್ದು ನಿಂತಿತು. ಅಧ್ಯಕ್ಷರು ನನ್ನ ತೋಳು ಹಿಡಿದು ಕೆಳಗೆ ಎಳೆದರು. “ಆಂಧ್ರದವ್ರು ಎಷ್ಟು ಕೊಟ್ರಲೇ?” ಎಂಬ ಕೂಗು ಎದ್ದಿತು. ಒಂದಿಷ್ಟು ಕಲ್ಲು ಬಿದ್ದವು. ಬೆರಳಿಗೆ ತಾಗಿದ್ದು ಆಗಲೇ.

ಗಲಾಟೆ ಅಡಗಿಸಿದವನು ಹಾಲಸಿದ್ದಪ್ಪನ ಮಾವ. ಮುದುಕ ಗುಡಿಯ ಕಟ್ಟೆ ಹತ್ತಿ ಕೋಲು ಬಡಿದು ಕೂಗಿದ: “ಸಾಲ ಐತಿ ಅಂದ್ರ ಉಣ್ಣೋರು ನಾವು ತೀರಸ್ತೀವಿ. ನಮ್ಮನ್ನ ಸಣ್ಣ ಹುಡುಗ್ರು ಅಂತ ತಿಳದ್ರೇನು? ಮೊದ್ಲ ಹೇಳಿದ್ರ ನಾವು ಕನ್ನಡ ಬಿಟ್ಟು ಓಡಿ ಹೋಗತಿದ್ವೇನು?” ಆಮೇಲೆ ನನ್ನ ಕಡೆ ತಿರುಗಿದ. “ವಕೀಲ, ಕಾಲುವಿ ತುದಿಗೆ ನಮ್ಮ ಹೊಲ ಅದಾವ. ನೀರು ಮುಟ್ಟದ ಹೊಲಕ್ಕೂ ಸಾಲ ಬರ್ತೈತೇನು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಸಭೆಯಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. “ಹಂಗಾದ್ರ ಬರಕೊಳ್ರಿ” ಎಂದ ಮುದುಕ. ‘ನೀರು ಮುಟ್ಟದ ಹೊಲಕ್ಕೆ ಸಾಲದ ಪಾಲು ಹಾಕಕೂಡದು’ ಎಂಬ ಸಾಲನ್ನು ಮನವಿಗೆ ಸೇರಿಸಿದ ಮೇಲೆಯೇ ಅವನು ಹೆಬ್ಬೆಟ್ಟು ಒತ್ತಿದ್ದು. ಅವನ ಹಿಂದೆ ಒಂದಷ್ಟು ಜನ ಒತ್ತಿದರು, ಒಂದಷ್ಟು ಜನ ಉಗುಳಿ ಬಂಡಿ ಹೂಡಿದರು. ಗೆದ್ದೆವೋ ಸೋತೆವೋ ಹೇಳಲಾರೆ. ಸಮಿತಿಯಿಂದ ನನ್ನನ್ನು ತೆಗೆದಿದ್ದಾರೆ. ಕನ್ನಡ, ತೆಲುಗು ಎರಡು ಕಡೆಯ ಕಕ್ಷಿದಾರರೂ ಕಾಗದಪತ್ರ ವಾಪಸು ಒಯ್ದಿದ್ದಾರೆ.

ಶಾಲೆಯ ಗೋಡೆಗೆ ಸುಣ್ಣ ಹೊಡೆಯಲು ಒಬ್ಬನನ್ನು ಕಳಿಸಬೇಕೆಂದಿದ್ದೆ. ಹಾಗೆ ಹಿಂದಿನ ಬಾಗಿಲಿನಿಂದ ಮಾಡುವುದಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ: ಕಳಿಸಲೇ?

ಬೇರೇನೂ ಇಲ್ಲ.

ಕೊಟ್ರಬಸಪ್ಪ

ತಾ.ಕ. ಅಮ್ಮಾರ, ಇದು ವಕೀಲ್ರು ಹೇಳಿ ಬರಸಿದ್ದಲ್ಲ, ನಾ ಹಂಪಯ್ಯ ಬರೀತೀನಿ. ಅವ್ರಿಗೆ ಈಗ ನಿದ್ದಿ ಹತ್ತೈತಿ. ಬೆರಳು ನೋವು ಅನ್ನೋದು ಸುಳ್ಳು. ಬಲಗೈ ಮುಂಗೈ ಹತ್ರ ಮುರದೈತಿ, ಎರಡು ದಿನದಿಂದ ಆಸ್ಪತ್ರಿಯಾಗ ಅದಾರ, ಜ್ವರ ಇಳದಿಲ್ಲ. ಆ ಕಲ್ಲು ಒಗದಾಂವ ನಾನು. ಒಂದು ದಮ್ಮಡಿ ಸಾಲ ಇಲ್ಲ ಅಂತ ನಾನ ಮೊಳಿ ಜೋಡಿಸಿದ್ದೆ, ನಾನ ಊರೂರಿಗೆ ಹಂಚಿದ್ದೆ. ಅವ್ರ ಬಾಯಿಂದ ಸುಳ್ಳು ಅಂತ ಕೇಳಿದಾಗ ಕಣ್ಣಿಗೆ ಕತ್ತಲಿ ಬಂತು. ಒಗದಿದ್ದು ಅವ್ರು ನೋಡ್ಯಾರ. ಪೊಲೀಸ್ರು ಕೇಳಿದ್ರ ಯಾರಂತ ಕಾಣಲಿಲ್ಲ ಅಂದ್ರು, ಆಮ್ಯಾಲ ನನ್ನ ಕರಸಿ ಈ ಕಾಗದ ಬರಸಾಕ ಕುಂದ್ರಿಸಿದ್ರು. ಮ್ಯಾಲೆ ‘ಬೇರೇನೂ ಇಲ್ಲ’ ಅಂತ ಬರದ ಜಾಗದಾಗ ಮೊದ್ಲು ನಿಮಗ ‘ಬಾ’ ಅಂತ ಬರಿ ಅಂದಿದ್ರು. ನಾ ಬರಿಯೋದ್ರಾಗ ಬ್ಯಾಡ, ಬಿಡು ಅಂದ್ರು. ಅದನ್ನ ಬಿಡಾಕ ನನಗ ಮನಸಾಗಲಿಲ್ಲ.