ಸರದಿ ಬಿಟ್ಟುಕೊಟ್ಟವರು

ಮಾರ್ಚ್ ೧೧, ಮಂಗಳವಾರ

ಸಾಕಪ್ಪಾ ಸಾಕು! ಹನ್ನೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದೇನೆ, ಇಂಥ ಫಜೀತಿ ನೋಡಿರಲಿಲ್ಲ.

ಶುರು ಮಾಡಿದ್ದು ಆ ಗಾರೆ ಕೆಲಸದವನು. ಬಿದ್ದು ಮುಂಗೈ ಬಾತುಕೊಂಡಿತ್ತು. ಏಳನೇ ಟೋಕನ್ ಕರೆದರೆ, ಸೊಂಟ ಹಿಡಿದುಕೊಂಡು ಅಳುತ್ತಿದ್ದ ಅಜ್ಜಿಯನ್ನು ಒಳಗೆ ಕಳಿಸಿದ. ಅದನ್ನು ನೋಡಿ ಎಂಟನೆಯವಳು ಮಗು ಎತ್ತಿಕೊಂಡಿದ್ದವಳಿಗೆ ಸರದಿ ಬಿಟ್ಟುಕೊಟ್ಟಳು. ಅವಳು ಕುಂಟುತ್ತಿದ್ದ ಮೇಷ್ಟ್ರಿಗೆ. ಮಧ್ಯಾಹ್ನದ ಹೊತ್ತಿಗೆ "ನೀವು ಹೋಗಿ", "ಇಲ್ಲ ಇಲ್ಲ, ನೀವೇ ಹೋಗಿ" ಅಂತ ಬಾಗಿಲಲ್ಲೇ ಉಪಚಾರ. "ಯಾರಾದ್ರೂ ಒಬ್ರು ಒಳಗೆ ಬಂದು ಸಾಯ್ರೀ!" ಅಂದುಬಿಟ್ಟೆ. ಆಸ್ಪತ್ರೆಯಲ್ಲಿ ಆಡುವ ಮಾತೇ ಅದು?

ಐದಕ್ಕೆ ಮಷಿನ್ ಆರಿಸಿ ಹೊರಗೆ ಬಂದರೆ ಬೆಂಚಿನ ಮೇಲೆ ಆ ಗಾರೆ ಕೆಲಸದವನೇ, ಬಂದವರಿಗೆಲ್ಲ ಬಿಟ್ಟುಕೊಟ್ಟು ಇನ್ನೂ ಕೂತಿದ್ದಾನೆ! ಪಕ್ಕದಲ್ಲಿ, ಬೆಳಿಗ್ಗೆಯೇ ಮುಗಿಸಿಕೊಂಡಿದ್ದ ಅಜ್ಜಿ.

"ನೀವ್ಯಾಕಜ್ಜಿ ಇನ್ನೂ ಇದ್ದೀರಿ?"

"ಒಂದೇ ಕೈಲಿ ಅಂಗಿ ಗುಂಡಿ ಹೇಗೆ ಹಾಕ್ಕೋತಾನಮ್ಮಾ?"

ಮತ್ತೆ ಮಷಿನ್ ಹಾಕಿದೆ. ಮೂಳೆ ಎರಡು ಕಡೆ ಮುರಿದಿತ್ತು.

"ಇಷ್ಟು ಹೊತ್ತು ಹೇಗ್ರೀ ತಡ್ಕೊಂಡ್ರಿ?" ಅಂತ ರೇಗಿದೆ.

"ಅಜ್ಜಿ ಅಳ್ತಿದ್ರು ಮೇಡಂ. ನಾನು ಅಳ್ತಿರ್ಲಿಲ್ವಲ್ಲ" ಅಂದ.

ಫಿಲ್ಮ್ ಹಿಡಿದು ಗೇಟಿಗೆ ಓಡಿದೆ. ಮೂಳೆ ಡಾಕ್ಟರು ಆಗಲೇ ಸ್ಕೂಟರ್ ಹತ್ತಿದ್ದರು. ನನ್ನ ಏದುಸಿರು ನೋಡಿ ಗೊಣಗುತ್ತಲೇ ಇಳಿದು ಬಂದರು. ಕೈಗೆ ಪ್ಲಾಸ್ಟರ್ ಹಾಕಿ ಮುಗಿಸುವಾಗ ಏಳೂವರೆ.

ನನ್ನ ಬಸ್ಸು ಹೋಯಿತು. ಸಂಜೆ ಬರ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ದೆ, ಈಗ ಅವಳು ಫೋನೇ ಎತ್ತುತ್ತಿಲ್ಲ. ಕಾಲು ಬೇರೆ ಸೆಳೆಯುತ್ತಿದೆ. ಯಾರನ್ನಾದರೂ ಚೆನ್ನಾಗಿ ಬೈದುಕೊಂಡು ಮಲಗೋಣ ಅಂದರೆ, ಇಡೀ ದಿನದಲ್ಲಿ ನೆಟ್ಟಗೆ ಒಬ್ಬರಾದರೂ ಕೆಟ್ಟವರು ಸಿಗಬಾರದೇ...