ಗಿರಣಿಯ ಕ್ಯಾಪ್ಟನ್

ಸವದತ್ತಿ
ತಾ. 19 ಜನವರಿ 1977

ಚಿ. ಸೌ. ರಾಧೆಗೆ ಅವ್ವನ ಅನೇಕ ಆಶೀರ್ವಾದಗಳು.

ನಿನ್ನ ಎರಡೂ ಪತ್ರ ಬಂದವು. ಉತ್ತರ ಬರೆಯಲು ತಡಮಾಡಿದೆ, ಸಿಟ್ಟಾಗಬೇಡ. ಈ ವರ್ಷ ನಮಗೆ ಹಬ್ಬವಿಲ್ಲವಾದ್ದರಿಂದ ಕುಸುರೆಳ್ಳು ಕಳಿಸಿಲ್ಲ. ಸೊಲ್ಲಾಪುರದಲ್ಲಿ ಚಳಿ ಹೇಗಿದೆ? ಏಳನೇ ತಿಂಗಳು ಎಂದರೆ ಜೋಪಾನವಾಗಿರಬೇಕು. ನೀರಿನ ಕೊಡ ಎತ್ತಬೇಡ. ಅಳಿಯಂದಿರಿಗೆ ಹೇಳು, ಸಂಕೋಚಪಡಬೇಡ.

ಅಪ್ಪನ ಸ್ಮರಣೆಯ ಸಭೆಯಲ್ಲಿ ಯಾರು ಏನು ಮಾತಾಡಿದರು, ಎಲ್ಲ ಬರೆ, ಅತ್ತೆಯವರಿಗೆ ಓದಿ ಹೇಳುತ್ತೇನೆ ಎಂದು ಕೇಳಿದ್ದಿ. ಬರೆಯುತ್ತೇನೆ. ಓದುವುದೋ ಬಿಡುವುದೋ ನೀನೇ ನೋಡು.

ಸಭೆ ಮಾಡಿಸಿದವರು ರಾಮಲಿಂಗಪ್ಪನವರು, ಅದೇ ಹತ್ತಿ ವ್ಯಾಪಾರದವರು. ಪುರಸಭೆಯ ಚುನಾವಣೆ ಹತ್ತಿರ ಬಂದಂತಿದೆ, ಅವರಿಗೊಬ್ಬ ವೀರ ಬೇಕಾಗಿದ್ದ. ವಾಯುಸೇನೆಯ ಉಡುಪಿನಲ್ಲಿರುವ ಫೋಟೋ ಕೇಳಲು ನಿಮ್ಮ ವೆಂಕಣ್ಣ ದೊಡ್ಡಪ್ಪನನ್ನು ಕಳಿಸಿದ್ದರು. ನಿನ್ನ ಅಪ್ಪ ಸೇನೆ ಸೇರಿದಾಗ ಹೂಲಿಯ ಹಿರಿಯರ ಮನೆಯಲ್ಲಿ "ಮೆಸ್ಸಿನ್ಯಾಗ ಉಂಡಾಂವ ನಮ್ಮ ಪಂಕ್ತಿಗೆ ಬ್ಯಾಡ" ಎಂದು, ನಿನ್ನಜ್ಜನ ಶ್ರಾದ್ಧದ ದಿನ ಅವರನ್ನು ಹೊರಗಿನ ಕಟ್ಟೆಯ ಮೇಲೆ ಉಣಿಸಿದ ಅದೇ ದೊಡ್ಡಪ್ಪ. ಸಭೆಯಲ್ಲಿ ಜರಿಶಾಲು ಹೊದ್ದು ಮೊದಲ ಸಾಲಿನಲ್ಲಿ ಕೂತಿದ್ದರು. ಅಳುವುದಕ್ಕಿಂತ ಹೆಚ್ಚು ಹೊತ್ತು ಕಣ್ಣೊರೆಸಿಕೊಂಡರು.

ರಾಮಲಿಂಗಪ್ಪನವರ ಭಾಷಣ ಕೇಳು: "ನಮ್ಮ ಬಾಳಕೃಷ್ಣರಾಯರು ಅಂದ್ರ ಸಿಂಹ! ಶತ್ರುಗಳ ತಲಿ ಮ್ಯಾಲ ಬಾಂಬಿನ ಮಳಿ ಸುರಿಸಿದವರು. ಅಂಜಿಕಿ ಅನ್ನೂ ಶಬ್ದಾನ ಅವರಿಗೆ ಗೊತ್ತಿರಲಿಲ್ಲ!" ಜನ ಚಪ್ಪಾಳೆ ತಟ್ಟಿದರು.

ರಾಧಾ, ನಿನ್ನ ಅಪ್ಪ ಜೀವಮಾನದಲ್ಲಿ ಒಂದು ಬಾಂಬೂ ಹಾಕಲಿಲ್ಲ. ಚೀನಾ ಗಡಿಯ ನೇಫಾದ ಬೆಟ್ಟಗಳಲ್ಲಿದ್ದ ಸಿಪಾಯಿಗಳಿಗೆ ವಿಮಾನದ ಬಾಗಿಲಿನಿಂದ ಅಕ್ಕಿ, ಉಪ್ಪು, ಸೀಮೆಎಣ್ಣೆ ಇಳಿಸುತ್ತಿದ್ದರು. ಒಮ್ಮೆ ರೆಕ್ಕೆಗೆ ಗುಂಡು ತಾಗಿದರೂ ಗಾಯಗೊಂಡವರನ್ನು ಹೊತ್ತು ತಂದು ಇಳಿಸಿದರು. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ಹೇಗೆ ಹೇಳಿಯಾರು? ಬದುಕಿದ್ದಾಗ ಒಬ್ಬರಾದರೂ ಕೇಳಿದ್ದರೆ ತಾನೇ?

ಸೇನೆ ಬಿಟ್ಟು ಪೈಲಟರಾಗಿ ವಿಮಾನ ಕಂಪನಿ ಸೇರಿದ ಮೇಲಿನದನ್ನು ನೀನು ಅರ್ಧ ಮಾತ್ರ ಕೇಳಿದ್ದಿ. 1971ರ ಮಳೆಗಾಲದಲ್ಲಿ, ಪೂರ್ವದ ಕಡೆಯ ಒಂದು ನಿಲ್ದಾಣದಲ್ಲಿ ವಿಮಾನ ಹೊರಡಲು ಸಿದ್ಧವಾಗಿತ್ತು. ಮುಂದಿನ ಊರಿನ ಮೇಲೆ ಮೋಡ ಕವಿದಿದೆ ಎಂದು ಸುದ್ದಿ ಬಂತು. ಒಳಗೆ ಕೂತಿದ್ದ ಯಾರೋ ದೊಡ್ಡ ಮನುಷ್ಯ, ಮಗಳ ನಿಶ್ಚಯಕ್ಕೆ ಹೊತ್ತು ಮೀರುತ್ತದೆ ಎಂದು ಕೂಗಾಡಿದನಂತೆ. "ಮೋಡ ಸರೀಲಿ, ಹೋಗೋಣ" ಎಂದು ನಿನ್ನ ಅಪ್ಪ ಕೆಳಗಿಳಿದು ನಿಂತರು. ಕಂಪನಿಯವರು ಇನ್ನೊಬ್ಬ ಪೈಲಟನನ್ನು ಕೂಡಿಸಿದರು. ವಿಮಾನ ಹೋಯಿತು, ಸುಖವಾಗಿ ಇಳಿಯಿತು. ಇವರ ಅಪರಾಧ ಅಷ್ಟೇ. ಅದು ಬಿದ್ದಿದ್ದರೆ ಇವರು ಅಂದೇ ದೊಡ್ಡವರಾಗುತ್ತಿದ್ದರು.

ಮನೆಗೆ ಬಂದು, "ಛಲೋ ಆತು, ಎಲ್ಲಾರೂ ಸುಖರೂಪ ಮುಟ್ಟಿದ್ರು. ಆದ್ರ ನಾಳೆ ಅದೇ ಮೋಡ ಬಂದ್ರೂ ನಾ ಏರಿಸೂದಿಲ್ಲ" ಎಂದರು. ಕಂಪನಿ ಅವರಿಗೆ ಹಾರಾಟ ಬಿಡಿಸಿ ಕಚೇರಿಯ ಮೇಜಿನ ಮುಂದೆ ಕೂಡಿಸಿತು. ಜತೆಯವರು ಬೆನ್ನ ಹಿಂದೆ ಹೇಡಿ ಎಂದರು. ರಾಜೀನಾಮೆ ಕೊಟ್ಟು ಇಲ್ಲಿಗೆ ಬಂದು ಹಿಟ್ಟಿನ ಗಿರಣಿ ಹಾಕಿದರು. ಅದನ್ನು ನೀನೂ ಕಂಡಿದ್ದಿ.

ಆಗ ಇದೇ ರಾಮಲಿಂಗಪ್ಪ ಗಿರಣಿಯ ಬಾಗಿಲಲ್ಲಿ ನಿಂತು, ಜೋಳ ತಂದವರೆಲ್ಲ ಕೇಳುವಂತೆ, "ಏನ್ ಕ್ಯಾಪ್ಟನ್ನರ, ಗಿರಣಿ ಮ್ಯಾಲಕ್ಕ ಹಾರೂದಿಲ್ಲ ಬಿಡ್ರಿ, ಅಂಜಬ್ಯಾಡ್ರಿ!" ಎಂದು ನಕ್ಕಿದ್ದರು. ನಿನ್ನ ಅಪ್ಪ ಮೈಮೇಲಿನ ಹಿಟ್ಟು ಕೊಡವಿಕೊಂಡು, "ನಿಮ್ಮ ಜ್ವಾಳ ಸಣ್ಣಗ ಬೀಸಲ್ಯೋ, ದಪ್ಪಗೋ?" ಎಂದಷ್ಟೇ ಕೇಳಿದರು.

ಇದೆಲ್ಲ ನೆನಪಾಗಿ ನಾನು ಸಭೆಯಲ್ಲಿ ಎದ್ದು ನಿಂತೆ. ದೊಡ್ಡಪ್ಪ ಹಲ್ಲು ಕಚ್ಚಿ, "ಯಮುನಾ, ಕೂಡು. ಮರ್ಯಾದಿ ಹೋಗ್ತದ" ಎಂದರು. ನಾನು ಕೂಡಲಿಲ್ಲ.

"ಅವರು ಬಾಂಬ್ ಹಾಕಲಿಲ್ರಿ, ಅಕ್ಕಿ ಹಾಕಿದ್ರು," ಎಂದೆ. "ಅಂಜಿಕಿ ಅವರಿಗೆ ಚೆಂದಾಗಿ ಗೊತ್ತಿತ್ತು. ಬೆನ್ನ ಹಿಂದ ಅಷ್ಟು ಮಂದಿ ಕೂತಾಗ ಅಂಜಲಾರದವನ ಕೈಯಾಗ ವಿಮಾನ ಕೊಡಬಾರದು ಅಂತಿದ್ರು. ಅಂಜಿದ್ದಕ್ಕ ನೌಕರಿ ಬಿಟ್ಟು ಬಂದ್ರು. ಬಂದವರನ್ನ ನೋಡಿ ನಕ್ಕವರು ಇಲ್ಲೇ ಖುರ್ಚಿ ಮ್ಯಾಲ ಕೂತಾರ."

ರಾಮಲಿಂಗಪ್ಪನವರು ಕೈಮುಗಿದು, "ಅಕ್ಕಾರು ದುಃಖದಾಗ ಮಾತಾಡಾಕ ಹತ್ಯಾರ, ಯಾರೂ ಮನಸಿಗೆ ಹಚಗೋಬ್ಯಾಡ್ರಿ" ಎಂದರು. ನಾಚಿಕೆ ಅನ್ನುವುದು ಆ ಮನುಷ್ಯನ ಮನೆಯ ಮುಂದಿನಿಂದಲೂ ಹಾದು ಹೋಗಿಲ್ಲ. ನಾನು ವೇದಿಕೆ ಹತ್ತಿದೆ, ಫೋಟೋದ ಮಾಲೆ ತೆಗೆದು ಅವರ ಮೇಜಿನ ಮೇಲಿಟ್ಟೆ, ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಬಂದೆ.

ಪಕ್ಕದ ಮನೆಯ ಸಾವಿತ್ರೆವ್ವ ಜತೆಗೆ ಬಂದಳು. ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಬಾಯಾರ, ಸಾಹೇಬ್ರು ಹ್ವಾದ ಮ್ಯಾಲ ಗಿರಣ್ಯಾಗ ಯಾರೂ ನಮಗ ಬರ್ರಿ, ಕುಂದರ್ರಿ ಅನ್ನೂದಿಲ್ರಿ." ಇಡೀ ದಿನದಲ್ಲಿ ಅವರ ಬಗ್ಗೆ ನಾನು ಕೇಳಿದ ನಿಜವಾದ ಮಾತು ಇದೊಂದೇ. ಆಗ ನನಗೆ ಅಳು ಬಂತು.

ದೊಡ್ಡಪ್ಪ ನನ್ನ ಜತೆ ಮಾತು ಬಿಟ್ಟಿದ್ದಾರೆ. ಮನೆ ತಣ್ಣಗಿದೆ. ಬಾಣಂತನಕ್ಕೆ ನೀನು ಇಲ್ಲಿಗೇ ಬಾ, ಅಂಟಿನ ಉಂಡೆಗೆ ಎಲ್ಲ ಕೂಡಿಸಿಟ್ಟಿದ್ದೇನೆ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ. ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ದೇವರು ಆಯುಷ್ಯ ಆರೋಗ್ಯ ಕೊಡಲಿ.

ನಿನ್ನ ಅವ್ವ,
ಯಮುನಾಬಾಯಿ

ತಾ.ಕ.: ಇದನ್ನು ಅತ್ತೆಯವರಿಗೆ ಓದಬೇಡ. ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಅಪ್ಪ ಒಮ್ಮೆ ಚಕ್ಕುಲಿ ಡಬ್ಬಿ ಹಿಡಿದು ನಿನ್ನನ್ನು ನೋಡಲು ಹೋಗಿದ್ದರು. ಮರಳಿ ಬಂದು, ನೀನು ಕ್ಲಾಸಿನಲ್ಲಿದ್ದಿ, ಭೆಟ್ಟಿಯಾಗಲಿಲ್ಲ ಎಂದರು. ನಿಜ ಹೇಳಿದ್ದು ತೀರಿಕೊಳ್ಳುವ ಮುಂಚಿನ ವಾರ. ಬಾಗಿಲಲ್ಲಿದ್ದ ನಿನ್ನ ಗೆಳತಿ, "ರಾಧಾನ ತಂದೆಯವರು ಯುದ್ಧದಾಗ ತೀರಿಕೊಂಡಾರಲ್ರಿ, ನೀವು ಯಾರು?" ಎಂದು ಕೇಳಿದಳಂತೆ. "ನಾ ಆಕಿ ಕಾಕಾ" ಎಂದು ಡಬ್ಬಿ ಕೊಟ್ಟು ಬಂದರಂತೆ. "ಯಾವ ಯುದ್ಧದಾಗ ಅಂತ ಕೇಳೂದು ಮರತೆ ನೋಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ದೀಪಾವಳಿಗೆ ಬಂದಾಗ ನೀನು ಆ ಡಬ್ಬಿಯನ್ನು ತೊಳೆದು ತಂದು ಅಡಿಗೆಮನೆಯಲ್ಲಿಟ್ಟಿ. ಅದನ್ನು ಯಾರು ತಂದುಕೊಟ್ಟಿದ್ದರು ಎಂದು ನೀನು ಕೇಳಲಿಲ್ಲ.