ಮದ್ದು ಉಂಡ ಟೊಮೆಟೊ

ವರ್ಲಿನ್,

ಪಕ್ಕದ ಮನೆ ಓಪಲ್ ಜೊತೆ ಕೌಂಟಿಯ ಟೊಮೆಟೊ ಸ್ಪರ್ಧೆಗೆ ಹೊರಟೆ. ಬೀನ್ಸ್ ಒಲೆ ಮೇಲಿದೆ, ಜೋಳದ ಬ್ರೆಡ್ಡಿಗೆ ಬಟ್ಟೆ ಮುಚ್ಚಿದೀನಿ. ತಿನ್ನೋ ಮುಂಚೆ ಕೈ ತೊಳಿ, ಗುಂಡಿನ ಸೀಸ ಮುಟ್ಟಿದ ಕೈ ಅದು.

ನೀನೇ ಮನೇಲಿ ಕೂತು ತುಂಬೋ ನಿಮ್ಮಜ್ಜನ ರಿವಾಲ್ವರ್ ಗುಂಡಿಗೆ ಕೊನೆಗೂ ಸರಿಯಾದ ಕೋವಿಮದ್ದು ಸಿಕ್ತು ಅಂತ ನಿನ್ನೆ ಅಡುಗೆಮನೇಲಿ ಕುಣಿದೆಯಲ್ಲ, ನನಗೂ ಖುಷಿಯಾಯ್ತು. ಆರು ವರ್ಷ ಹುಡುಕಿದೆ ಮಾರಾಯ! ಒಂದು ಬೇಗ ಉರಿಯುತ್ತೆ ಅಂದೆ, ಒಂದು ನಿಧಾನ ಅಂದೆ, ಇನ್ನೊಂದು ಬರೀ ಹೊಗೆ ಅಂದೆ. ನನ್ನನ್ನ ಒಪ್ಪೋಕೆ ನಿನಗೆ ಎರಡೇ ಭಾನುವಾರ ಸಾಕಾಗಿತ್ತು.

ಈಗ ಕೂತ್ಕೊಂಡು ಓದು. ಆ ಹೊಸ ಡಬ್ಬಿಯ ಲೇಬಲ್ಲನ್ನೂ ಇಲಿ ಕಿತ್ತಿದೆ. ಈ ವರ್ಷ ಇದು ಐದನೇದು. ಕೂಗಾಡಬೇಡ. ಲೇಬಲ್ ಇಲ್ಲದ ಮದ್ದನ್ನ ಗುಂಡಿಗೆ ತುಂಬಬಾರದು, ಗಿಡದ ಬುಡಕ್ಕೆ ಚೆಲ್ಲಬೇಕು ಅನ್ನೋದು ನಿನ್ನದೇ ಕಟ್ಟಪ್ಪಣೆ. ಟೊಮೆಟೊ ಮೂರನೇ ಸಾಲಿಗೆ ಚೆಲ್ಲು, ಅದೇ ಸೊರಗಿರೋದು. ಮುಂದಿನ ತಿಂಗಳು ರಾಜ್ಯದ ಸ್ಪರ್ಧೆ ಬೇರೆ ಇದೆ. ಹೋದ ಡಬ್ಬಿ ಬಿದ್ದ ಸಾಲಲ್ಲಿ ಒಂದೊಂದು ಹಣ್ಣೂ ಮಗುವಿನ ತಲೆಯಷ್ಟಿದೆ. "ಯಾವ ಗೊಬ್ಬರ ಹಾಕ್ತೀಯಮ್ಮಾ?" ಅಂತ ಪಾದ್ರಿ ಕೇಳಿದ್ರು. "ಪ್ರಾರ್ಥನೆ" ಅಂದೆ.

ಇನ್ನೊಂದು ಡಬ್ಬಿ ತರೋಣ. ಮದ್ದಿನ ಹೆಸರು ಮರೆತಿದ್ರೆ ಪೇಚಾಡಬೇಡ, ನನಗೆ ನೆನಪಿದೆ.

ಮದ್ದಿನ ಡಬ್ಬಿ ಇಡೋ ಬೆಂಚಿನ ಮೇಲೆ ಸಾಲಾಗಿ ಇಟ್ಟಿದೀಯಲ್ಲ ಪಟ್ಟಂತ ಬಡಿಯೋ ಇಲಿಬೋನು, ಅವನ್ನೆಲ್ಲ ತೆಗೆದುಬಿಡು. ಲೇಬಲ್ ಕೀಳೋ ಇಲಿ ಬೆಳಿಗ್ಗೆನೇ ಸಿಕ್ಕಿಬಿತ್ತು. ಹೆಬ್ಬೆರಳು ಬದನೆಕಾಯಿ ಥರ ಊದಿದೆ, ಅದಕ್ಕೇ ಈ ಚೀಟಿಯ ಅಕ್ಷರ ಇಷ್ಟು ಸೊಟ್ಟ.

ವೆಲ್ಡಾ